ಮುಂದೆ ಇಪ್ಪತ್ತೊಂದು, ಹಿಂದೆ ಇಪ್ಪತ್ತಾರು

ಗೇಜು ಕೈಯಲ್ಲೇ ಇತ್ತು, ಆದರೂ ಗಾನಶ್ರೀ ಈ ಕಾರಿಗೆ ಈಗ ಗಾಳಿ ನೋಡುವುದಿಲ್ಲ ಎಂದಳು.

ಡಿಸೆಂಬರ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಎರಡೂಕಾಲು. ಪುತ್ತೂರಿನ ಬೊಳುವಾರಿನಲ್ಲಿ ಅವಳ ಟಯರ್ ಅಂಗಡಿಯ ಮುಂದೆ ಕಡು ಹಸಿರು ಬಣ್ಣದ ಕಾರೊಂದು ನಿಂತಿತ್ತು. ಉದ್ದ ಮೂತಿ, ಗಿಡ್ಡ ಬೆನ್ನು, ಎರಡೇ ಸೀಟು. ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿಟ್ಟಿದ್ದರು. 1967ರ ಟ್ರಯಂಫ್ ಸ್ಪಿಟ್‌ಫೈರ್. ಅಷ್ಟು ತಗ್ಗಿನ ಕಾರು ಬೊಳುವಾರಿಗೆ ಬರುವುದು ಅಪರೂಪ. ಪಕ್ಕದ ಗ್ಯಾರೇಜಿನ ಶಾಫಿ ಕೈಯ ಸ್ಪ್ಯಾನರ್ ಕೆಳಗಿಡುವುದನ್ನೂ ಮರೆತು ಹೊರಗೆ ಬಂದು ನಿಂತಿದ್ದ.

ಕಾರಿನಿಂದ ಇಳಿದವನಿಗೆ ಮೂವತ್ತೆರಡು ಇರಬಹುದು. ನಲವತ್ತು ಕಿಲೋಮೀಟರಿನ ಧೂಳು ಅಂಗಿಯ ಮೇಲಿತ್ತು. ಅವಳ ಮಾತನ್ನು ಅವನು ಬೇರೆ ರೀತಿ ತಿಳಿದುಕೊಂಡ. ಇಂಥ ಹಳೆಯ ಕಾರಿನ ಅಭ್ಯಾಸ ಇಲ್ಲದಿದ್ದರೆ ಹೇಳಿಬಿಡಿ, ಬೇಜಾರಿಲ್ಲ, ಬೇರೆ ಕಡೆ ಹೋಗುತ್ತೇನೆ ಎಂದ.

"ಕಾರಿನ ಅಭ್ಯಾಸ ಇಲ್ಲ. ಟಯರಿನದ್ದು ಉಂಟು," ಎಂದಳು ಅವಳು. "ಬಿಸಿ ಟಯರಿಗೆ ನಾನು ಗೇಜ್ ಹಿಡಿಯುದಿಲ್ಲ. ಬೇಕಾದರೆ ಮುಟ್ಟಿ ನೋಡಿ."

ಅವನು ಬಗ್ಗಿ ಮುಟ್ಟಿ ನೋಡಿದ. ಎಲ್ಲರೂ ಅಂಗೈ ಇಡುತ್ತಾರೆ. ಅವನು ಬೆರಳುಗಳ ಹಿಂಬದಿಯನ್ನು ಟಯರಿನ ಪಕ್ಕಕ್ಕೆ ಮೆಲ್ಲಗೆ ತಾಗಿಸಿದ, ಜ್ವರ ಬಂದ ಮಗುವಿನ ಕೆನ್ನೆ ಮುಟ್ಟುವ ಹಾಗೆ. ಗಾನಶ್ರೀ ಅದನ್ನು ಗಮನಿಸಿದಳು. ಗಮನಿಸಿದ್ದು ತನಗೇ ಗೊತ್ತಾಗಿ ಕಂಪ್ರೆಸರಿನ ಕಡೆ ತಿರುಗಿದಳು.

"ಸರಿ," ಎಂದ ಅವನು. "ಬಿಸಿಲಲ್ಲಿ ನಡೆದು ಬಂದ ದನಕ್ಕೆ ನಾವೂ ಕೂಡಲೇ ಥರ್ಮಾಮೀಟರ್ ಇಡುದಿಲ್ಲ. ನೆರಳಲ್ಲಿ ನಿಲ್ಲಿಸಿ, ಆಮೇಲೆ."

"ನೀವು ದನದ ಡಾಕ್ಟ್ರಾ?"

"ಕಡಬದ ಪಶು ಆಸ್ಪತ್ರೆ. ಕೀರ್ತನ್ ಅಂತ."

ಓಡಿದ ಟಯರಿನ ಒಳಗಿನ ಗಾಳಿ ಬಿಸಿಯಾಗಿ ಮೂರು ನಾಲ್ಕು ಪಾಯಿಂಟ್ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಗಾಳಿ ಇಳಿಸಿದರೆ ಮರುದಿನ ಬೆಳಿಗ್ಗೆ ಟಯರು ಸೋತು ನಿಂತಿರುತ್ತದೆ. ಸಾಮಾನ್ಯ ಕಾರುಗಳಲ್ಲಿ ಇದು ಅಷ್ಟು ತಿಳಿಯುವುದಿಲ್ಲ. ಏಳುನೂರು ಕಿಲೋ ತೂಕದ ಕಾರಿನಲ್ಲಿ ತಿಳಿಯುತ್ತದೆ. ಕಡಿಮೆ ಎಂದರೆ ಮೂರು ಗಂಟೆ ನೆರಳಿನಲ್ಲಿ ನಿಲ್ಲಬೇಕು ಎಂದು ಗಾನಶ್ರೀ ಹೇಳಿದಳು. ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ಇರಬೇಕಾದ ಕೀರ್ತನ್ ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ. ಮೊದಲ ಸಲ ಕಂಡವಳ ಕೈಗೆ ಇಂಥ ಕಾರಿನ ಕೀ ಕೊಟ್ಟು ಹೋದವನನ್ನು ಶಾಫಿ ಬಸ್ಸು ತಿರುವು ದಾಟುವವರೆಗೂ ನೋಡಿದ.

ಇನ್ನೊಬ್ಬರೂ ನೋಡುತ್ತಿದ್ದರು. ಗಾನಶ್ರೀಯ ಅಪ್ಪ ಮಾಯಿಲಪ್ಪ. ವಯಸ್ಸು ಅರವತ್ತೆಂಟು. ಮಂಡಿ ನೋವು ಶುರುವಾದ ಮೇಲೆ ಕೆಲಸ ಮಗಳಿಗೆ ಬಿಟ್ಟು ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಹೆಬ್ಬೆರಳಿನಿಂದ ಟಯರು ಒತ್ತಿ ಒಳಗೆಷ್ಟು ಗಾಳಿ ಇದೆ ಎಂದು ಹೇಳುತ್ತಿದ್ದರು. ಎರಡು ಪಾಯಿಂಟಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಸುಳ್ಯ, ಕಡಬದ ಜೀಪಿನವರು ಈಗಲೂ ಮಾಯಿಲಪ್ಪಣ್ಣನ ಗಾಳಿ ಎಂದೇ ಹುಡುಕಿಕೊಂಡು ಬರುತ್ತಾರೆ. ಹೊಸ ಗಾಡಿ ಕಂಡರೆ ಎದ್ದು ಹೋಗಿ ಮುಟ್ಟುವ ಮನುಷ್ಯ, ಅಂದು ಹಸಿರು ಕಾರನ್ನು ಬಹಳ ಹೊತ್ತು ನೋಡಿ, ಪೇಪರು ಮಡಚಿ, ಒಳಗೆ ಹೋದರು. ಚಹಾಕ್ಕೆ ಕರೆದರೂ ಬರಲಿಲ್ಲ.

ಮರುದಿನ ಕಡಬದಿಂದ ಬರುವ ಮೊದಲ ಬಸ್ಸಿಗೆ ಕೀರ್ತನ್ ಇಳಿದಾಗ ಗಾನಶ್ರೀ ಶಟರ್ ಎತ್ತಿಯಾಗಿತ್ತು. ಟಯರಿನ ಮೇಲೆ ತೆಳ್ಳಗೆ ಇಬ್ಬನಿ ಇತ್ತು. ಅವಳು ಒಂದೊಂದೇ ವಾಲ್ವಿಗೆ ಗೇಜು ಹಿಡಿದು ಓದಿದಳು: ಮೂವತ್ತೆರಡು, ಮೂವತ್ತೆರಡು, ಮೂವತ್ತೆರಡು, ಮೂವತ್ತೊಂದು. ಪೆಟ್ರೋಲ್ ಬಂಕಿನಲ್ಲಿ ಹಾಕಿದ್ದು. ತಿರುವಿನಲ್ಲಿ ಹಿಂಬದಿ ಹಗುರಾಗಿ ಜಾರಿದ ಹಾಗೆ ಆಗುತ್ತದೆ, ಅದಕ್ಕೇ ಇಷ್ಟು ದೂರ ತಂದೆ ಎಂದು ಕೀರ್ತನ್ ಹೇಳಿದ.

ಕಾರು ಅವನದಲ್ಲ, ಅವನ ಸೋದರಮಾವ ಕುಶಾಲಪ್ಪ ಗೌಡರದ್ದು. ಮಡಿಕೇರಿಯ ಕಾಫಿ ತೋಟದವರೊಬ್ಬರಿಂದ ಅವರು ಪ್ರಾಯದಲ್ಲಿ ಕೊಂಡದ್ದು. ನಲವತ್ತಮೂರು ವರ್ಷ ಕೋಡಿಂಬಾಳದ ಮನೆಯ ಶೆಡ್ಡಿನಲ್ಲಿ ಟರ್ಪಾಲಿನ ಕೆಳಗೆ ಇತ್ತು. ಎರಡು ವರ್ಷ ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟು ಕೀರ್ತನ್ ರಿಪೇರಿ ಮಾಡಿದ್ದ. ಟಯರು ಮಾತ್ರ ಊರಿನದೇ, ವ್ಯಾಗನ್‌ಆರ್‌ಗೆ ಬರುವ ಹದಿಮೂರು ಇಂಚಿನದ್ದು, ಒಳಗೆ ಟ್ಯೂಬು.

ಅವನು ಪ್ಲಾಸ್ಟಿಕ್ ಕವರಿನಿಂದ ಕಾರಿನ ಕೈಪಿಡಿ ತೆಗೆದ. ಅದರ ಒಂದು ಪುಟದಲ್ಲಿ ಎರಡು ಸಾಲು ಅಂಕಿಗಳಿದ್ದವು. ಅಂಗಡಿಯ ಭಾಷೆಯಲ್ಲಿ ನೈಲಾನ್ ಎನ್ನುವ ಆ ಕಾಲದ ಟಯರಿಗೆ ಮುಂದೆ ಹದಿನೆಂಟು, ಹಿಂದೆ ಇಪ್ಪತ್ತನಾಲ್ಕು. ಈಗ ಕಾರಿನಲ್ಲಿರುವಂಥ ರೇಡಿಯಲ್‌ಗೆ ಮುಂದೆ ಇಪ್ಪತ್ತೊಂದು, ಹಿಂದೆ ಇಪ್ಪತ್ತಾರು. ಇಬ್ಬರೂ ಒಂದೇ ಪುಟಕ್ಕೆ ಬಗ್ಗಿದ್ದರು. ಅವನ ಅಂಗಿಯಿಂದ ಡೆಟಾಲಿನ ವಾಸನೆ ಬರುತ್ತಿತ್ತು. ಅವಳ ಕೈಯಿಂದ ರಬ್ಬರಿನದು ಬರುತ್ತಿದ್ದಿರಬೇಕು.

"ಎಷ್ಟು ಜನ ಕೂರುದು?" ಎಂದು ಅವಳು ಕೇಳಿದಳು.

"ಎರಡೇ ಸೀಟು ಇರುದು ಮಾರಾಯ್ರೆ."

"ಸೀಟು ಎಷ್ಟು ಅಂತ ಕೇಳಿದ್ದಲ್ಲ. ಕೂರುದು ಎಷ್ಟು ಜನ?"

"ಒಬ್ಬನೇ," ಎಂದ.

ಗೋಡೆಯಾಚೆಯಿಂದ ಶಾಫಿಯ ದನಿ ಬಂತು. "ತಂಗಿ, ಜಾತಕವೂ ಕೇಳಿಬಿಡು."

ಗಾನಶ್ರೀ ನಗಲಿಲ್ಲ, ಆದರೆ ಕಿವಿ ಬೆಚ್ಚಗಾಯಿತು. ಇದು ಅಪ್ಪ ಹಾಕಿದ ಕ್ರಮ ಎಂದು ವಿವರಿಸಿದಳು. ಲಾರಿಯಾಗಲಿ ಸ್ಕೂಟರಾಗಲಿ, ಭಾರ ಎಷ್ಟು ಎಂದು ಕೇಳದೆ ಗಾಳಿ ಹಾಕುವುದಿಲ್ಲ. ಎರಡು ಸೀಟಿನ ಕಾರಿಗೆ ಅದರಿಂದ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ, ಆದರೂ ಕೇಳದೆ ಬಿಡುವುದಿಲ್ಲ. ಹಾಗೆಯೇ ಗಿರಾಕಿ ಒಂದು ಅಂಕಿ ಹೇಳಿದರೆ ಅದನ್ನು ಅವರಿಗೆ ತಿಳಿಸದೆ ಬದಲಿಸುವುದೂ ಇಲ್ಲ.

ಕೀರ್ತನನಿಗೆ ಒಂದು ಸಂಶಯ ಇತ್ತು. ಎಂಜಿನ್ ಮುಂದಿದೆ, ಹಾಗಿದ್ದ ಮೇಲೆ ಗಾಳಿ ಹಿಂದೆ ಯಾಕೆ ಹೆಚ್ಚು?

"ಈ ಕಾರಿನ ಹಿಂದಿನ ಚಕ್ರ ತಿರುವಿನಲ್ಲಿ ಒಳಕ್ಕೆ ಮಡಚಲಿಕ್ಕೆ ನೋಡ್ತದೆ," ಎಂದಳು. ಹಿಂದಿನ ರಾತ್ರಿ ಊಟದ ಮೊದಲು ಫೋನಿನಲ್ಲಿ ಹುಡುಕಿ ಓದಿಕೊಂಡಿದ್ದಳು, ಅದನ್ನು ಹೇಳಲಿಲ್ಲ. "ಮುಂದಿನ ಟಯರು ಸ್ವಲ್ಪ ಸೋಮಾರಿ ಆಗಿರಬೇಕು. ಹಿಂದಿನದ್ದು ಗಟ್ಟಿ ಹಿಡಿಯಬೇಕು. ಉಲ್ಟಾ ಆದರೆ ಬಾಲ ಬಂದು ಮೂತಿಯ ಮುಂದೆ ನಿಲ್ತದೆ."

ಅವಳು ಗಾಳಿ ಇಳಿಸಿ, ಟಯರಿನ ಮುಖಕ್ಕೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಕಾರನ್ನು ಇಪ್ಪತ್ತು ಅಡಿ ನೇರ ಓಡಿಸಲು ಹೇಳಿದಳು. ಗೆರೆ ಅಂಚಿನಿಂದ ಅಂಚಿಗೆ ಒಂದೇ ಸಮ ಅಳಿಸಿದ್ದರೆ ಗಾಳಿ ಸರಿ. ನಡುವೆ ಮಾತ್ರ ಅಳಿಸಿದರೆ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಕೀರ್ತನ್ ನೆಲದ ಮೇಲೆ ಮಂಡಿಯೂರಿ ನಾಲ್ಕೂ ಗೆರೆಗಳನ್ನು ನೋಡಿದ. ಸಮವಾಗಿ ಅಳಿಸಿದ್ದವು. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. ಟಯರನ್ನು ನೋಡಿದಷ್ಟೇ ಹೊತ್ತು ನೋಡಿದ.

ಕಾರು ಕೋಡಿಂಬಾಳದ ಶೆಡ್ಡಿನಲ್ಲಿ ವಾರವಿಡೀ ನಿಂತ ಮೇಲೆ ಇನ್ನೊಮ್ಮೆ ನೋಡಬೇಕಾದೀತು ಎಂದು ಅವಳೇ ಹೇಳಿದ್ದಳು. ಹೇಳಿದ್ದು ಒಂದು ಸಲ. ಅವನು ಅದನ್ನು ನೆನಪಿಸಲು ಫೋನು ಮಾಡಿದ್ದು ನಾಲ್ಕು ಸಲ. ಹಿಂದಿನ ಎಡ ಟಯರು ಸ್ವಲ್ಪ ಬಾಡಿದ ಹಾಗೆ ಕಾಣುತ್ತದೆ ಎಂದ ಒಮ್ಮೆ. ಫೋಟೋ ಕಳಿಸಿ ಎಂದಳು. ಬಂದ ಫೋಟೋದಲ್ಲಿ ಟಯರಿಗೆ ಏನೂ ಆಗಿರಲಿಲ್ಲ. ಟಯರಿಗೆ ಒರಗಿ ಒಂದು ಬೆಕ್ಕು ಮಲಗಿತ್ತು. ಬಾಡಿದ್ದು ಬೆಕ್ಕು, ಅದಕ್ಕೆ ಮದ್ದು ನಿಮ್ಮ ಹತ್ತಿರ ಉಂಟು ಎಂದು ಅವಳು ಬರೆದಳು.

ಮುಂದಿನ ವಾರದ ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಅವಳ ಓಮ್ನಿ ಕೋಡಿಂಬಾಳ ತಲುಪಿತು. ಶೆಡ್ಡಿನ ಅರ್ಧದಲ್ಲಿ ಕಾರು, ಉಳಿದರ್ಧದಲ್ಲಿ ಒಣಗಲು ಹಾಕಿದ ರಬ್ಬರ್ ಶೀಟುಗಳು. ಕುಶಾಲಪ್ಪ ಗೌಡರು ಬಟ್ಟೆ ಹಿಡಿದು ಬಂಪರು ಒರೆಸುತ್ತಿದ್ದರು. ಎಪ್ಪತ್ತೆರಡು ವರ್ಷದ ನೆಟ್ಟಗಿನ ಮನುಷ್ಯ. ಅವರ ಹೆಂಡತಿ ದುಗ್ಗಮ್ಮ ಕಾಫಿ ತಂದರು. ಶೆಡ್ಡಿನ ಹೊಸ್ತಿಲವರೆಗೆ ಬಂದು, ಅಲ್ಲೇ ನಿಂತು, ಕೈ ಚಾಚಿ ಲೋಟ ಕೊಟ್ಟರು. ಎಡಗೈಯ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ.

ಗೇಜು ಇಪ್ಪತ್ತೊಂದು, ಇಪ್ಪತ್ತಾರು ಎಂದಿತು. ಗಾನಶ್ರೀ ಅಂಗಡಿಯ ಪದ್ಧತಿಯಂತೆ ಶೆಡ್ಡಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ಬರೆದಳು: ಮುಂದೆ 21, ಹಿಂದೆ 26, ಒಬ್ಬರು.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಕೀರ್ತನನಿಗೆ ಫೋನು ಬಂತು. ಇಚಿಲಂಪಾಡಿಯಲ್ಲಿ ಕರು ಹಾಕಿದ ದನ ಏಳುತ್ತಿಲ್ಲ. ಆ ಕಡೆಯವರು ಗಾಬರಿಯಲ್ಲಿ ಒಂದನ್ನೇ ಮೂರು ಸಲ ಹೇಳುತ್ತಿದ್ದದ್ದು ಹೊರಗೂ ಕೇಳುತ್ತಿತ್ತು. ಅವನು ಒಮ್ಮೆಯೂ ಮಾತು ಕಡಿಯಲಿಲ್ಲ. ಎಲ್ಲ ಮುಗಿದ ಮೇಲೆ, ಕಿವಿ ಮುಟ್ಟಿ ನೋಡಿ, ತಣ್ಣಗೆ ಉಂಟಾ ಎಂದು ಕೇಳಿದ. ಉಂಟು ಎಂದು ಉತ್ತರ ಬಂದಾಗ ಚೀಲ ಹೆಗಲಿಗೇರಿಸಿ ಬೈಕು ಹತ್ತಿಯೂ ಆಗಿತ್ತು. ಗಾನಶ್ರೀ ಆ ಬೈಕು ಹೋದ ದಾರಿಯನ್ನು ನೋಡುತ್ತ ನಿಂತಳು. ಜನರ ಮಾತನ್ನು ಕೊನೆಯವರೆಗೆ ಕೇಳುವ ಗಂಡಸನ್ನು ಅವಳು ಹೆಚ್ಚು ಕಂಡಿರಲಿಲ್ಲ.

ಕಾರಿನ ಕಥೆಯನ್ನು ಅವಳಿಗೆ ಹೇಳಿದವರು ಕುಶಾಲಪ್ಪ ಗೌಡರು, ಬಂಪರು ಒರೆಸುತ್ತಲೇ. 1981ರ ಜೂನ್ 14, ಭಾನುವಾರ. ಮದುವೆಯಾಗಿ ಎಂಟು ತಿಂಗಳು. ಹೆಂಡತಿಯನ್ನು ಕೂರಿಸಿಕೊಂಡು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೊರಟಿದ್ದರು. ರಸ್ತೆ ಒದ್ದೆ. ಒಂದು ಎಡ ತಿರುವಿನಲ್ಲಿ ಕಾರಿನ ಬಾಲ ತಾನಾಗಿ ಮುಂದೆ ಬಂತು. ಕಾರು ಪೂರ್ತಿ ಒಂದು ಸುತ್ತು ತಿರುಗಿ ರಸ್ತೆ ಬದಿಯ ಮಣ್ಣಿನ ದರೆಗೆ ಬಡಿಯಿತು. ದುಗ್ಗಮ್ಮನ ಕೈ ಮುರಿಯಿತು. ಮತ್ತೆ ಅವರು ಆ ಕಾರಿಗೆ ಕೂರಲಿಲ್ಲ, ಗೌಡರು ಅದನ್ನು ರಸ್ತೆಗೆ ತೆಗೆಯಲಿಲ್ಲ. ಈಗ ಅಳಿಯ ಘಾಟಿಗೆ ಒಯ್ಯುತ್ತೇನೆ ಎನ್ನುತ್ತಾನೆ. ಬೇರೆಲ್ಲಿಗಾದರೂ ಒಯ್ಯಲಿ, ಘಾಟಿಗೆ ಬೇಡ.

"ಸ್ಪೀಡು ನನ್ನದು," ಎಂದರು ಅವರು. "ಮೀಟರ್ ನೋಡಿದ್ದು ನೆನಪಿಲ್ಲ. ಆದರೆ ಬೇರೆ ಕಾರಣ ಎಂತ ಉಂಟು? ಗಾಳಿ ಸರಿ ಇತ್ತು. ಹಿಂದಿನ ದಿನ ಪುತ್ತೂರಲ್ಲಿ ನಿನ್ನ ಅಪ್ಪನೇ ಹಾಕಿದ್ದು. ಪುಸ್ತಕದ ಅಂಕಿ ನಾನೇ ಹೇಳಿದ್ದೆ. ಮಾಯಿಲಪ್ಪನ ಕೈ ತಪ್ಪುದಿಲ್ಲ."

ಗಾನಶ್ರೀಯ ಕೈಯಲ್ಲಿ ಕಾಫಿ ಹಾಗೆಯೇ ಉಳಿಯಿತು. ಬಾಲ ತಾನಾಗಿ ಮುಂದೆ ಬಂತು ಎಂದು ಅವರು ಹೇಳಿದ್ದರು. ಒಂಬತ್ತು ದಿನದ ಹಿಂದೆ ಅದೇ ಮಾತನ್ನು ಅವಳು ಕೀರ್ತನನಿಗೆ ಹೇಳಿದ್ದಳು.

ಅಂದು ಮಧ್ಯಾಹ್ನ ಮನೆಯ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದಳು. ಅಪ್ಪ ಪ್ರಾಯದಿಂದಲೂ ವಿಶೇಷ ಗಾಡಿಗಳ ಗಾಳಿಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1981ರ ಪುಸ್ತಕ ನೀಲಿ ರಟ್ಟಿನದ್ದು. ಜೂನ್ 13ರ ಪುಟದಲ್ಲಿ ಅಪ್ಪನ ಗುಂಡಗಿನ ಅಕ್ಷರ ಸ್ಪಷ್ಟವಾಗಿತ್ತು.

"ಕೋಡಿಂಬಾಳ ಕುಶಾಲಪ್ಪ ಗೌಡ್ರು. ಹಸಿರು ಸಣ್ಣ ಕಾರು. ಹೇಳಿದ್ದು: ಮುಂದೆ 18, ಹಿಂದೆ 24. ಹಾಕಿದ್ದು: ಮುಂದೆ 24, ಹಿಂದೆ 18. ಎಂಜಿನ್ ಮುಂದೆ ಇರುವುದರಿಂದ."

ಇಪ್ಪತ್ತೈದರ ಪ್ರಾಯದ ಕೆಲಸಗಾರ, ಗಿರಾಕಿ ಪುಸ್ತಕ ತಪ್ಪು ಓದಿದ್ದಾರೆಂದು ತಿಳಿದು, ತಾನೇ ತಿದ್ದಿದ್ದ. ಲಾರಿ, ಜೀಪು, ಅಂಬಾಸಡರ್ ನೋಡಿದ ಕೈ. ಭಾರ ಇರುವಲ್ಲಿ ಗಾಳಿ ಹೆಚ್ಚು ಎಂಬುದು ಅವನಿಗೆ ಗೊತ್ತಿದ್ದ ಸತ್ಯ. ತಿದ್ದಿದ್ದನ್ನು ಹೆಮ್ಮೆಯಿಂದ ಬರೆದೂ ಇಟ್ಟಿದ್ದ.

ಸಂಜೆಯ ಚಹಾದ ಹೊತ್ತಿಗೆ ಅವಳು ಆ ಪುಟ ತೆರೆದು ಅಪ್ಪನ ಮುಂದಿಟ್ಟಳು. ಮಾಯಿಲಪ್ಪ ಓದಲಿಲ್ಲ. "ಗೊತ್ತುಟ್ಟು," ಎಂದರು, ಮನೆಯ ಅರೆಭಾಷೆಯಲ್ಲಿ. ಅಪಘಾತದ ಸುದ್ದಿ ವಾರದಲ್ಲೇ ಕಿವಿಗೆ ಬಿದ್ದಿತ್ತು. ತಪ್ಪು ತನ್ನದೆಂದು ತಿಳಿದದ್ದು ಆರು ವರ್ಷದ ಮೇಲೆ, ಮಂಗಳೂರಿನಲ್ಲಿ ಟಯರು ಕಂಪೆನಿಯವರೊಬ್ಬರು ಪಾಠ ಮಾಡಿದಾಗ. ಅಂದಿನಿಂದ ಗಿರಾಕಿಯ ಅಂಕಿ ಬದಲಿಸಬಾರದು, ಭಾರ ಕೇಳದೆ ಗಾಳಿ ಹಾಕಬಾರದು ಎಂಬ ಕ್ರಮ. ಹೋಗಿ ಹೇಳಲು ಎರಡು ಸಲ ಕಡಬದ ಬಸ್ಸು ಹತ್ತಿದ್ದರು. ಎರಡು ಸಲವೂ ಉಪ್ಪಿನಂಗಡಿಯಲ್ಲಿ ಇಳಿದು ವಾಪಸು ಬಂದಿದ್ದರು. ನಾನು ಸತ್ತ ಮೇಲೆ ಹೇಳು ಎಂದು ಮಗಳನ್ನು ಕೇಳಿಕೊಂಡರು.

ಆ ವಾರ ಗಾನಶ್ರೀ ಕೀರ್ತನನ ಫೋನಿಗೆ ಹ್ಞಾಂ, ಇಲ್ಲ ಎಂದಷ್ಟೇ ಉತ್ತರ ಕೊಟ್ಟಳು. ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ, ಅದೂ ಅವಳು ಮೆಚ್ಚಿದವನ ಮನೆಯಲ್ಲಿ. ಮಾವನ ಬಾಳಿನ ಅರ್ಧ ತಿಂದದ್ದು ಆ ಕೈ ಎಂದು ತಿಳಿದ ಮೇಲೆ ಅವನು ತನ್ನನ್ನು ಹಿಂದಿನ ಹಾಗೆ ನೋಡುವುದಿಲ್ಲ. ಹೇಳದಿದ್ದರೆ ಒಬ್ಬ ಮುದುಕರು ಮಾಡದ ತಪ್ಪನ್ನು ಹೊತ್ತುಕೊಂಡೇ ಬಂಪರು ಒರೆಸುತ್ತಾರೆ. ಅಂಗಡಿಯಲ್ಲಿ ಎರಡು ಸಲ ವಾಲ್ವಿನ ಮುಚ್ಚಳ ಹಾಕಲು ಮರೆತಳು. ಅದು ಅವಳಿಗೆ ಆಗುವ ತಪ್ಪಲ್ಲ.

ಶನಿವಾರ ಅವಳೇ ಫೋನು ಮಾಡಿದಳು.

"ನಾಳೆ ಬರ್ತೇನೆ. ಒಂದು ವಿಷಯ ಹೇಳ್ಲಿಕ್ಕೆ ಉಂಟು. ಕೇಳಿದ ಮೇಲೆ ನಿಮಗೆ ನಮ್ಮ ಅಂಗಡಿಯೇ ಬೇಡ ಅಂತ ಆಗಬಹುದು."

"ಟಯರಿನ ವಿಷಯವಾ?"

"ಹೌದು."

"ಹಾಗಾದರೆ ಬೆಳಿಗ್ಗೆ ಬೇಗ ಬನ್ನಿ. ತಣ್ಣಗೆ ಇರುವಾಗಲೇ ಹೇಳಿ, ತಣ್ಣಗೆ ಕೇಳ್ತೇನೆ."

ನಾಳೆ ನಾನು ಹೇಳುತ್ತೇನೆ ಎಂದು ಅವಳು ಅಪ್ಪನಿಗೂ ತಿಳಿಸಿದಳು. ಅಪ್ಪ ಎದ್ದು ಒಳಗೆ ಹೋದರು. ಬೆಳಿಗ್ಗೆ ಐದೂವರೆಗೆ ಅವಳು ಓಮ್ನಿಯ ಬಾಗಿಲು ತೆರೆದಾಗ ಪಕ್ಕದ ಸೀಟಿನಲ್ಲಿ ಮಾಯಿಲಪ್ಪ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ನೀಲಿ ಪುಸ್ತಕ.

"ನಡಿ," ಎಂದರು. ಉಪ್ಪಿನಂಗಡಿ ದಾಟುವಾಗ ಕಣ್ಣು ಮುಚ್ಚಿಕೊಂಡರು.

ಕೋಡಿಂಬಾಳದ ಜಗಲಿಯಲ್ಲಿ ಅವರು ಕೂರಲಿಲ್ಲ. ನಿಂತೇ, ಪುಸ್ತಕವನ್ನು ಕುಶಾಲಪ್ಪ ಗೌಡರ ಕೈಗೆ ಕೊಟ್ಟು, ಆ ಪುಟ ಓದಬೇಕು ಎಂದರು. ಗೌಡರು ಕನ್ನಡಕ ಇಲ್ಲದೆ ಪುಸ್ತಕವನ್ನು ದೂರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಗಾನಶ್ರೀ ಅಂಗಳದಲ್ಲಿ ನಿಂತಿದ್ದಳು. ಕೀರ್ತನ್ ಅವಳ ಪಕ್ಕದಲ್ಲಿ, ಒಂದು ಮೊಳ ಅಂತರದಲ್ಲಿ. ಆ ಪುಟದಲ್ಲಿ ಏನಿದೆ ಎಂದು ಅವಳು ತಗ್ಗಿದ ದನಿಯಲ್ಲಿ ಅವನಿಗೆ ಹೇಳಿದಳು, ಒಂದು ಅಂಕಿಯನ್ನೂ ಬಿಡದೆ. ಅವನು ಎಂದಿನಂತೆ ಮಾತು ಕಡಿಯದೆ ಕೇಳಿದ. ಮುಗಿದಾಗ ಆ ಒಂದು ಮೊಳ ಅಂತರವನ್ನು ಹೆಚ್ಚಿಸಲಿಲ್ಲ.

"ತಪ್ಪು ನಂದು," ಎಂದರು ಮಾಯಿಲಪ್ಪ. "ನಿಮ್ಮ ಸ್ಪೀಡಲ್ಲ. ಬಂದು ಹೇಳದೆ ಇದ್ದದ್ದು ಇನ್ನೊಂದು ತಪ್ಪು. ಅದು ಇದಕ್ಕಿಂತ ದೊಡ್ಡದು."

ಕುಶಾಲಪ್ಪ ಗೌಡರು ಒಳಗಿನಿಂದ ಹೆಂಡತಿಯನ್ನು ಕರೆದು ಪುಸ್ತಕ ತೋರಿಸಿದರು. ದುಗ್ಗಮ್ಮ ಅದನ್ನು ನಿಧಾನ ಓದಿದರು. ಗಂಡನ ಮುಖ ನೋಡಿದರು. ನಲವತ್ತಮೂರು ವರ್ಷ, ಮಳೆ ಶುರುವಾಗಿ ಕೈ ನೋಯುವಾಗಲೆಲ್ಲ, ನಿಮ್ಮ ಸ್ಪೀಡಿನಿಂದ ಆದದ್ದು ಎಂಬ ಒಂದೇ ಮಾತನ್ನು ಅವರು ಆ ಮುಖಕ್ಕೆ ಹೇಳುತ್ತ ಬಂದಿದ್ದರು.

"ನನ್ನದೂ ಉಂಟು," ಎಂದರು ಗೌಡರು ಮೆಲ್ಲಗೆ. "ಗೇಜು ಕಾರಿನ ಬಾಕ್ಸಿನಲ್ಲೇ ಇತ್ತು. ಹೊರಡುವ ಮೊದಲು ಒಮ್ಮೆ ನೋಡಬಹುದಿತ್ತು. ನಿನ್ನನ್ನು ಕೂರಿಸಿಕೊಂಡು ಹೋಗುವ ಅವಸರ."

ದುಗ್ಗಮ್ಮ ಒಳಗೆ ಹೋದರು. ಅವರು ಹೊರಬಂದಾಗ ಎಡಗೈಯಲ್ಲಿ, ಪೂರ್ತಿ ತಿರುಗದ ಆ ಕೈಯಲ್ಲಿ, ಕಾಫಿಯ ಲೋಟ ಇತ್ತು. ಅದನ್ನು ಮಾಯಿಲಪ್ಪನವರ ಮುಂದೆ ಹಿಡಿದರು.

"ಕೈ ಮುರಿದದ್ದು ಗಾಳಿಯಿಂದಲೋ ಅವಸರದಿಂದಲೋ ನೀವಿಬ್ಬರೂ ಕೂತು ಪಾಲು ಮಾಡಿಕೊಳ್ಳಿ," ಎಂದರು. "ಕಾಫಿ ಆರ್ತದೆ."

ಮಾಯಿಲಪ್ಪ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು ಆಗ ಕೂತರು. ಕುಡಿಯಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ದುಗ್ಗಮ್ಮ ಗಾನಶ್ರೀಯ ಕಡೆ ತಿರುಗಿ, ಇವತ್ತು ಗಾಳಿ ನೋಡಿಯಾಯಿತಾ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ನೋಡು ಎಂದರು. ಸೆರಗು ಸಿಕ್ಕಿಸಿಕೊಂಡು, ಮೊದಲ ಬಾರಿಗೆ ಶೆಡ್ಡಿನ ಹೊಸ್ತಿಲು ದಾಟಿ ಒಳಗೆ ಬಂದು, ಅವಳು ನಾಲ್ಕು ವಾಲ್ವಿಗೂ ಗೇಜು ಹಿಡಿಯುವುದನ್ನು ಬಗ್ಗಿ ನೋಡಿದರು. ಅಂಕಿ ಗಟ್ಟಿಯಾಗಿ ಹೇಳಿಸಿದರು. ಮುಂದೆ ಇಪ್ಪತ್ತೊಂದು, ಇಪ್ಪತ್ತೊಂದು. ಹಿಂದೆ ಇಪ್ಪತ್ತಾರು, ಇಪ್ಪತ್ತಾರು. ಆಮೇಲೆ ಎಡಬದಿಯ ಬಾಗಿಲು ತೆರೆದು ಸೀಟಿನಲ್ಲಿ ಕೂತರು.

ಗೌಡರು ಅಂಗಳದಲ್ಲೇ ನಿಂತಿದ್ದರು.

"ಎಂತ ನೋಡುದು?" ಎಂದರು ದುಗ್ಗಮ್ಮ. "ಕಡಬ ಪೇಟೆಯವರೆಗೆ ಹೋಗಿ ಬರುವ. ಮೆಲ್ಲ."

ಕುಶಾಲಪ್ಪ ಗೌಡರು ಕನ್ನಡಕ ಹಾಕಿಕೊಂಡು ಬಂದು ಸ್ಟೇರಿಂಗಿನ ಹಿಂದೆ ಕೂತರು. ಎಂಜಿನ್ ಶುರುವಾಯಿತು. ಹಸಿರು ಕಾರು ಗೇಟು ದಾಟಿ, ರಬ್ಬರ್ ಮರಗಳ ನಡುವಿನ ಮಣ್ಣಿನ ದಾರಿಯಲ್ಲಿ ಇಳಿದು, ತಿರುವಿನಲ್ಲಿ ಮರೆಯಾಯಿತು. ಬಾಲ ಹಿಂದೆಯೇ ಇತ್ತು.

ಗಾನಶ್ರೀ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆ ಸೀಮೆಸುಣ್ಣ ಹಚ್ಚಿಕೊಂಡಳು. ಕೀರ್ತನ್ ನೋಡಿದ, ಹೇಳಲಿಲ್ಲ.

"ಅಂಗಡಿ ಬೇಡ ಅಂತ ಆಗಬಹುದು ಅಂದಿರಿ," ಎಂದ.

"ಆಯ್ತಾ?"

"ಇಲ್ಲ. ನಾನು ಎರಡು ವರ್ಷ ಆ ಕಾರಿನ ಪ್ರತಿಯೊಂದು ನಟ್ಟು ಬಿಚ್ಚಿ ನೋಡಿದವ. ಯಾಕೆ ತಿರುಗಿತು ಅಂತ ಗೊತ್ತಾಗಲಿಲ್ಲ. ನೀವು ಹತ್ತು ದಿನದಲ್ಲಿ ಕಂಡುಹಿಡಿದ್ರಿ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ." ಅವನು ನಿಂತು, ಸರಿಯಾದ ಮಾತು ಹುಡುಕಿದ. "ಮುಂದಿನ ಭಾನುವಾರ ಮಾವ ಘಾಟಿಗೆ ಬಿಡ್ತಾರೆ ಅಂತ ಕಾಣ್ತದೆ. ಗಾಳಿ ನೋಡಿ ಕೊಡ್ತೀರಾ?"

ಅವಳು ಗೇಜನ್ನು ಬಟ್ಟೆಯಲ್ಲಿ ಒರೆಸುತ್ತ, ಅವನ ಕಡೆ ನೋಡದೆ, ಅಭ್ಯಾಸದ ಪ್ರಶ್ನೆ ಕೇಳಿದಳು. "ಎಷ್ಟು ಜನ ಕೂರುದು?"

"ಇಬ್ಬರು," ಎಂದ ಕೀರ್ತನ್. "ಘಾಟಿಗೆ ಮಾತ್ರ ಅಲ್ಲ. ಇನ್ನು ಮೇಲೆ ಯಾವಾಗಲೂ. ನೀವು ಒಪ್ಪಿದರೆ."

ಬಟ್ಟೆ ಗೇಜಿನ ಮೇಲೆ ನಿಂತಿತು. ಜಗಲಿಯಲ್ಲಿ ಮಾಯಿಲಪ್ಪ ಖಾಲಿ ಲೋಟವನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಇಳಿದು ಹೋದ ಕಾರಿನ ಸದ್ದು ಮತ್ತೆ ದೂರದಲ್ಲಿ ಕೇಳಿಸಿತು. ತಿರುಗಿ ಬರುತ್ತಿದ್ದರು, ಹೇಳಿದಂತೆ ಮೆಲ್ಲಗೆ.

"ಟ್ಯೂಬಿನ ಟಯರು," ಎಂದಳು ಅವಳು ಕೊನೆಗೆ. "ಎಷ್ಟು ಸರಿ ಹಾಕಿದರೂ ತಿಂಗಳಿಗೆ ಒಂದೆರಡು ಪಾಯಿಂಟ್ ಇಳಿತದೆ. ಹಾಕಿ ಬಿಟ್ಟರೆ ಆಗುದಿಲ್ಲ. ನೋಡ್ತಾ ಇರಬೇಕು."

"ನೋಡುವ. ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ."

"ವಾರಕ್ಕೊಮ್ಮೆ ನೋಡಿದರೆ ನೋಡುವಾಗಲೇ ಗಾಳಿ ಹೋಗ್ತದೆ ಡಾಕ್ಟ್ರೆ."

"ಹಾಗಾದರೆ ಉತ್ತರ?"

ಕಾರು ಅಂಗಳಕ್ಕೆ ಬಂದು ನಿಂತಿತು. ದುಗ್ಗಮ್ಮನ ಕೂದಲೆಲ್ಲ ಗಾಳಿಗೆ ಕೆದರಿತ್ತು. ಗೌಡರು ಇಳಿದು, ಸುತ್ತಿ ಬಂದು, ಹೆಂಡತಿಗೆ ಬಾಗಿಲು ತೆರೆದು ಹಿಡಿದರು. ಗಾನಶ್ರೀ ಬಗ್ಗಿ ಬೆರಳಿನ ಹಿಂಬದಿಯನ್ನು ಟಯರಿಗೆ ತಾಗಿಸಿದಳು, ಅವನು ಅಂದು ಅಂಗಡಿಯಲ್ಲಿ ಮಾಡಿದ ಹಾಗೆ.

"ಈಗ ಬಿಸಿ ಉಂಟು," ಎಂದಳು. "ಬಿಸಿಯಲ್ಲಿ ನಾನು ಯಾವ ಉತ್ತರವೂ ಹೇಳುದಿಲ್ಲ. ಮೂರು ಗಂಟೆ ಕಾಯಬೇಕು."

ಅವನು ವಾಚು ನೋಡಿಕೊಂಡ. ಎಂಟು ಗಂಟೆ ಹತ್ತು ನಿಮಿಷ.

ಅವನು ಕಾದ. ತಿಂಡಿಗೆ ಕೂತಾಗ ದುಗ್ಗಮ್ಮ ಅವಳಿಗೆ ನೀರ್‌ದೋಸೆ ಬಡಿಸುತ್ತ, ಕೆನ್ನೆಯ ಸೀಮೆಸುಣ್ಣವನ್ನು ಸೆರಗಿನಿಂದ ತಾವೇ ಒರೆಸಿದರು. ನಮ್ಮವನಿಗೆ ದನದ ಭಾಷೆ ಬರುತ್ತದೆ, ಮನುಷ್ಯರ ಹತ್ತಿರ ಕೇಳಲು ಮಾತ್ರ ಬರುತ್ತದೆ, ಹೇಳಲು ಬರುವುದಿಲ್ಲ ಎಂದು ದೂರಿದರು. ಹೇಳಿದ್ದಾರೆ ಎಂದು ಗಾನಶ್ರೀ ದೋಸೆ ನೋಡುತ್ತ ಹೇಳಿದಳು. ದುಗ್ಗಮ್ಮ ಇನ್ನೆರಡು ದೋಸೆ ಹಾಕಿದರು. ಜಗಲಿಯಲ್ಲಿ ಇಬ್ಬರು ಮುದುಕರು ನೀಲಿ ಪುಸ್ತಕದ ಬೇರೆ ಪುಟಗಳನ್ನು ತಿರುವುತ್ತ, 1981ರಲ್ಲಿ ಯಾರ್ಯಾರ ಹತ್ತಿರ ಯಾವ ಜೀಪು ಇತ್ತು ಎಂದು ವಾದಿಸುತ್ತಿದ್ದರು. ಹತ್ತು ಗಂಟೆಗೆ ಕೋಡಿಂಬಾಳದವರೇ ಒಬ್ಬರು ಆಡಿಗೆ ಮದ್ದು ಕೇಳಲು ಬಂದರು. ಕೀರ್ತನ್ ಅವರ ಮಾತನ್ನೂ ಪೂರ್ತಿ ಕೇಳಿ ಕಳಿಸಿದ. ಆದರೆ ನಡುವೆ ಎರಡು ಸಲ ವಾಚು ನೋಡಿದ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗಾನಶ್ರೀ ಎದ್ದು ಶೆಡ್ಡಿಗೆ ಹೋದಳು. ಅವನು ಹಿಂದೆಯೇ ಹೋದ. ಅವಳು ಮಂಡಿಯೂರಿ ನಾಲ್ಕೂ ಟಯರು ನೋಡಿದಳು, ಅವಸರ ಮಾಡದೆ, ಒಂದೊಂದು ವಾಲ್ವಿಗೂ ಮುಚ್ಚಳ ಹಾಕಿದಳು. ಎದ್ದು ಗೋಡೆಯ ಹತ್ತಿರ ನಿಂತಳು. ಕಳೆದ ವಾರದ ಅಕ್ಷರ ಹಾಗೆಯೇ ಇತ್ತು. ಮುಂದೆ 21, ಹಿಂದೆ 26.

ಆ ಎರಡು ಅಂಕಿಗಳನ್ನು ಅವಳು ಮುಟ್ಟಲಿಲ್ಲ. ಅದರ ಮುಂದಿನ 'ಒಬ್ಬರು' ಎಂಬುದನ್ನು ಹೆಬ್ಬೆರಳಿನಿಂದ ಒರೆಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು, 'ಇಬ್ಬರು' ಎಂದು ಬರೆದಳು.